ನಾಣ್ಯಕ್ಕೇನು ಗೊತ್ತು?

ಕಾರ್ಮ್ಯಾಕ್ ಮೆಕಾರ್ಥಿಯ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಕಾದಂಬರಿ ಓದದವರಿಗೂ ಅದರ ಪೆಟ್ರೋಲ್ ಬಂಕಿನ ದೃಶ್ಯ ಗೊತ್ತಿರುತ್ತೆ. ಸಿನಿಮಾದಲ್ಲಿ ನೋಡಿರ್ತಾರೆ, ಇಲ್ಲಾ ಯೂಟ್ಯೂಬಿನಲ್ಲಿ ಆ ಒಂದು ತುಣುಕನ್ನಾದರೂ ನೋಡಿರ್ತಾರೆ. ಟೆಕ್ಸಾಸಿನ ಶೆಫೀಲ್ಡ್ ಅನ್ನೋ ಸಣ್ಣ ಊರು. ಪೆಟ್ರೋಲ್ ಹಾಕಿಸಿಕೊಂಡ ಗಿರಾಕಿ ಗೋಡಂಬಿ ತಿನ್ನುತ್ತಾ ನಿಂತಿದ್ದಾನೆ. ಬಂಕಿನ ಯಜಮಾನ ಬಾಯಿಮಾತಿಗೆ ಅಂತ ಮಳೆ ವಿಚಾರಿಸುತ್ತಾನೆ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ಕೇಳೋ ಮಾತು ಅದು. ಅಷ್ಟಕ್ಕೇ ಗಿರಾಕಿಯ ದನಿ ಬದಲಾಗುತ್ತೆ. ಒಂದೊಂದೇ ಪ್ರಶ್ನೆ ಹಾಕುತ್ತಾ ಯಜಮಾನನ ಬಾಯಿ ಕಟ್ಟಿಸಿ, ಕಡೆಗೆ ಜೇಬಿಂದ ನಾಣ್ಯ ತೆಗೆದು ಚಿಮ್ಮಿಸಿ, ಕೈಯಿಂದ ಮುಚ್ಚಿ, ಹೆಡ್ಡಾ ಟೈಲಾ ಹೇಳು ಅಂತಾನೆ. ಪಣಕ್ಕೆ ಏನಿಟ್ಟಿದೀವಿ ಅಂತ ಮಾತ್ರ ಹೇಳಲ್ಲ. 1958ರ ನಾಣ್ಯ ಅದು, 22 ವರ್ಷ ಊರೂರು ತಿರುಗಿ ಇವತ್ತು ಇಲ್ಲಿಗೆ ಬಂದಿದೆ ಅನ್ನೋದು ಅವನ ವಾದ. ಯಜಮಾನ ಹೆಡ್ ಅಂತಾನೆ, ಬದುಕುತ್ತಾನೆ. ತಾನು ಬದುಕಿಕೊಂಡೆ ಅನ್ನೋದೂ ಪಾಪ ಅವನಿಗೆ ಸರಿಯಾಗಿ ತಿಳಿಯಲ್ಲ.

ಆ ಗಿರಾಕಿಯೇ ಆಂಟನ್ ಶಿಗರ್. ಕಸಾಯಿಖಾನೆಯಲ್ಲಿ ದನದ ಹಣೆಗೆ ಹೊಡೆಯೋ, ಗಾಳಿಯ ಒತ್ತಡದಲ್ಲಿ ಕೆಲಸ ಮಾಡೋ ಸಾಧನ ಹಿಡ್ಕೊಂಡು ತಿರುಗೋ ಕೊಲೆಗಾರ. ಪುಸ್ತಕ ಬಂದದ್ದು 2005ರಲ್ಲಿ. 2007ರಲ್ಲಿ ಕೋಯೆನ್ ಸಹೋದರರು ಸಿನಿಮಾ ಮಾಡಿದರು, ನಾಲ್ಕು ಆಸ್ಕರ್ ಬಂದವು, ಶಿಗರ್ ಪಾತ್ರ ಮಾಡಿದ ಹಾವಿಯೆರ್ ಬಾರ್ಡೆಮ್‌ಗೆ ಅದರಲ್ಲೊಂದು. ಅಲ್ಲಿಂದಾಚೆಗೆ ಶಿಗರ್ ಮೀಮುಗಳಿಗೂ ಟೀಶರ್ಟುಗಳಿಗೂ ಏರಿದ. ಇವನು ಮನುಷ್ಯನೇ ಅಲ್ಲ, ಸಾಕ್ಷಾತ್ ವಿಧಿ, ಯಮಧರ್ಮರಾಯನ ಟೆಕ್ಸಾಸ್ ಬ್ರಾಂಚು ಅನ್ನೋ ಧಾಟಿಯ ಮಾತು ನಾನು ಬಹಳ ಕೇಳಿದ್ದೀನಿ. ನನಗೆ ಒಪ್ಪಿಗೆಯಿಲ್ಲ. ಪುಸ್ತಕ ನಿಧಾನಕ್ಕೆ ಓದಿದರೆ, ಶಿಗರ್ ಹೇಳೋದನ್ನ ನಂಬಿ ಅಂತ ಮೆಕಾರ್ಥಿ ಎಲ್ಲೂ ಹೇಳ್ತಿಲ್ಲ. ಅವನಿಗೆ ಮಾತಾಡೋಕೆ ಬಿಟ್ಟಿದ್ದಾನೆ, ಅಷ್ಟೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. (ಕೊನೆಗೆ ಏನಾಗುತ್ತೆ ಅನ್ನೋದನ್ನೂ ಮುಂದೆ ಹೇಳಿಬಿಡ್ತೀನಿ. ಬೇಡ ಅನ್ನೋರು ಪುಸ್ತಕ ಮುಗಿಸಿ ಬನ್ನಿ, ಈ ಅಂಕಣ ಎಲ್ಲೂ ಓಡಿಹೋಗಲ್ಲ.) 1980, ಮೆಕ್ಸಿಕೋ ಗಡಿಗೆ ಅಂಟಿಕೊಂಡ ಟೆರೆಲ್ ಕೌಂಟಿ. ಲೂಎಲಿನ್ ಮಾಸ್ ಅನ್ನೋನು ವೆಲ್ಡರ್, ವಿಯೆಟ್ನಾಂ ಯುದ್ಧದಲ್ಲಿ ಸ್ನೈಪರ್ ಆಗಿದ್ದವನು. ಹುಲ್ಲೆ ಬೇಟೆಗೆ ಹೋದಾಗ ಬಯಲಿನಲ್ಲಿ ಗುಂಡೇಟು ತಿಂದ ಗಾಡಿಗಳು, ಹೆಣಗಳು, ಹೆರಾಯಿನ್ ಕಣ್ಣಿಗೆ ಬೀಳುತ್ತವೆ. ಒಂದು ಗಾಡಿಯಲ್ಲಿ ಇನ್ನೂ ಉಸಿರು ಹಿಡ್ಕೊಂಡಿರೋನೊಬ್ಬ ನೀರು ಕೇಳ್ತಾನೆ. ಮಾಸ್ ಹತ್ತಿರ ನೀರಿಲ್ಲ. ಅವನನ್ನು ಅಲ್ಲೇ ಬಿಟ್ಟು ಜಾಡು ಹಿಡಿದು ಹೋದರೆ ಇನ್ನೊಂದು ಹೆಣ, ಅದರ ಹತ್ತಿರ ಪೆಟ್ಟಿಗೆ, ಪೆಟ್ಟಿಗೆಯಲ್ಲಿ 24 ಲಕ್ಷ ಡಾಲರ್. ಮನೆಗೆ ತರ್ತಾನೆ. ರಾತ್ರಿ ನಿದ್ದೆ ಹತ್ತಲ್ಲ. ಎದ್ದು ಕ್ಯಾನಿಗೆ ನೀರು ತುಂಬ್ಕೊಂಡು ವಾಪಸ್ ಹೋಗ್ತಾನೆ. ಅಷ್ಟರಲ್ಲಿ ನೀರು ಕೇಳಿದವನು ಸತ್ತಿದ್ದಾನೆ, ದುಡ್ಡು ಹುಡುಕಿಕೊಂಡು ಬಂದವರ ಕೈಗೆ ಮಾಸ್ ಸಿಕ್ಕಿಬೀಳೋದರಲ್ಲಿದ್ದಾನೆ. ಅಲ್ಲಿಂದ ಶುರು ಓಟ. ಹಿಂದೆ ಶಿಗರ್, ಇವರಿಬ್ಬರ ಹಿಂದೆ ಯಾವಾಗಲೂ ಒಂದು ಹೆಜ್ಜೆ ತಡವಾಗಿ ಶೆರಿಫ್ ಎಡ್ ಟಾಮ್ ಬೆಲ್.

ನಮ್ಮ ಕೆಲಸದಲ್ಲಿ ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಆರ್‌ಸಿಎ ಬರೀಬೇಕು, ಅಂದರೆ ಮೂಲ ಕಾರಣ ಇದು ಅಂತ ತೋರಿಸೋ ವರದಿ. ಕಸ್ಟಮರ್‌ಗೆ ಒಂದೇ ಒಂದು ಕಾರಣ ಬೇಕು, ಮ್ಯಾನೇಜರ್‌ಗೆ ಒಂದು ಹೆಸರು ಬೇಕು. ಈ ಚಾಳಿಯಿಂದಲೇ ನಾನೂ ಮಾಸ್ ಸಾವಿಗೆ ಆರ್‌ಸಿಎ ಬರೆಯೋಕೆ ಕೂತೆ. ಎಲ್ಲರೂ ಹೇಳೋ ಉತ್ತರ: ನೀರು ಕೊಡೋಕೆ ವಾಪಸ್ ಹೋದ, ಅದಕ್ಕೆ ಸತ್ತ. ದುರಾಸೆಯಿಂದ ಅಲ್ಲ, ಕರುಣೆಯಿಂದ ಕೆಟ್ಟ. ಕೇಳೋಕೆ ಚೆನ್ನಾಗಿದೆ. ಆದರೆ ಪೆಟ್ಟಿಗೆಯ ನೋಟಿನ ಕಂತೆಗಳ ಮಧ್ಯೆ ಒಂದು ಟ್ರಾನ್ಸ್‌ಪಾಂಡರ್ ಇತ್ತಲ್ಲ! ಮಾಸ್ ಹೊದ್ದು ಮಲಗಿದ್ದರೂ ಅದು ಸಿಗ್ನಲ್ ಕಳಿಸ್ತಾನೇ ಇರ್ತಿತ್ತು. ರಿಸೀವರ್ ಹಿಡಿದವನು ಸುತ್ತಿ ಬಳಸಿ ಒಂದು ದಿನ ಮಾಸ್ ಇದ್ದ ಟ್ರೈಲರ್ ಮನೆ ಬಾಗಿಲಿಗೇ ಬಂದು ನಿಲ್ಲೋ ಸಾಧ್ಯತೆಯೇ ಹೆಚ್ಚು. ಆಗ ಒಳಗೆ ಗಂಡನ ಜೊತೆ 19 ವರ್ಷದ ಹೆಂಡತಿ ಕಾರ್ಲಾ ಜೀನ್ ಕೂಡ ಇರ್ತಿದ್ದಳು. ವಾಪಸ್ ಹೋಗಿ ಎಡವಟ್ಟು ಮಾಡ್ಕೊಂಡಿದ್ದರಿಂದಲೇ ಮಾಸ್‌ಗೆ ಅಪಾಯ ಗೊತ್ತಾಗಿ, ಅವಳನ್ನು ಒಡೆಸ್ಸಾದ ತಾಯಿಮನೆಗೆ ಕಳಿಸಿದ್ದು. ಹಾಗೆ ನೋಡಿದರೆ ಆ ಕ್ಯಾನ್ ನೀರು ಇಬ್ಬರಿಗೂ ಒಂದಷ್ಟು ದಿನ ಆಯಸ್ಸು ಕೊಟ್ಟಿತು ಅಂತಲೂ ಹೇಳಬಹುದು.

ಹಾಗಂತ ಪುಣ್ಯ ಕಾಯ್ತು ಅಂತಲೂ ಅಲ್ಲ, ಆಮೇಲೆ ಇಬ್ಬರೂ ಸಾಯ್ತಾರೆ. ದುಡ್ಡು ತಂದುಕೊಟ್ಟರೆ ಹೆಂಡತಿಯನ್ನು ಬಿಡ್ತೀನಿ, ನಿನ್ನನ್ನು ಬಿಡಲ್ಲ ಅಂತ ಶಿಗರ್ ಫೋನಿನಲ್ಲಿ ಹೇಳಿದಾಗ ಮಾಸ್ ಅವನಿಗೇ ತಿರುಗಿ ಬೆದರಿಕೆ ಹಾಕ್ತಾನೆ. ಅದೂ ಒಂದು ಕಾರಣ. ವಿಯೆಟ್ನಾಂನಲ್ಲಿ ಬದುಕಿ ಬಂದವನಿಗೆ ಇರೋ ಹುಂಬ ಧೈರ್ಯ ಇನ್ನೊಂದು. ಎಷ್ಟು ಎಳೆದರೂ ಈ ಕಾದಂಬರಿ ಒಂದು ಕಾರಣಕ್ಕೆ ಬಂದು ನಿಲ್ಲಲ್ಲ. ಒಳ್ಳೆಯದು ಮಾಡಿದ್ದಕ್ಕೆ ಒಳ್ಳೆಯದಾಯ್ತು, ಕೆಟ್ಟದ್ದಕ್ಕೆ ಕೆಟ್ಟದ್ದಾಯ್ತು ಅನ್ನೋ ಲೆಕ್ಕ ಎಲ್ಲೂ ತಾಳೆ ಆಗಲ್ಲ. ಆದರೂ ಮಾಸ್ ನೀರು ತಗೊಂಡು ಹೋದ. ಹೋಗೋದು ಪೆದ್ದುತನ ಅಂತ ಗೊತ್ತಿದ್ದೇ ಹೋದ. ಇಡೀ ಪುಸ್ತಕದಲ್ಲಿ ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲೊಂದೇ ಕಡೆ.

ಈಗ ವಿಧಿಯ ವಿಷಯ. ನಮ್ಮಜ್ಜಿ ಮಾತುಮಾತಿಗೂ ಹಣೆಬರಹ ಅನ್ನೋರು. ಬೆಳೆ ಹೋದಾಗ, ಮನೆಯಲ್ಲಿ ಸಾವಾದಾಗ, ಸಂಬಂಧ ಮುರಿದುಬಿದ್ದಾಗ. ಆಗಿಹೋದದ್ದರ ಭಾರ ಇಳಿಸಿಕೊಳ್ಳೋಕೆ ಆ ಮಾತು ಬೇಕಿತ್ತು ಅವರಿಗೆ. ಆದರೆ ಯಾರಿಗೋ ಕೇಡು ಮಾಡೋಕೆ ಹೊರಡುವಾಗ ಅವರು ಹಣೆಬರಹ ಅಂದದ್ದನ್ನು ನಾನು ಕೇಳಿಲ್ಲ. ಶಿಗರ್ ಆ ಮಾತನ್ನು ಕೆಲಸಕ್ಕೆ ಮುಂಚೆ ಹೇಳ್ತಾನೆ. ಇನ್ನೂ ಆಗದೇ ಇರೋದನ್ನ, ತಾನೇ ಮಾಡಬೇಕಾಗಿರೋದನ್ನ, ಆಗಲೇ ಬರೆದುಹೋಗಿದೆ ಅಂತಾನೆ. ಎರಡಕ್ಕೂ ಒಂದೇ ಶಬ್ದ ಬಳಸಿದರೆ ಅಜ್ಜಿಗೆ ಅನ್ಯಾಯ.

ಇದನ್ನು ಅವನ ಮುಖಕ್ಕೇ ಹೇಳೋದು ಕಾರ್ಲಾ ಜೀನ್. ಗಂಡ ಸತ್ತಿದ್ದಾನೆ, ತಾಯಿಯನ್ನು ಆಗ ತಾನೇ ಮಣ್ಣು ಮಾಡಿ ಬಂದಿದ್ದಾಳೆ, ಮನೆಯಲ್ಲಿ ಶಿಗರ್ ಕೂತಿದ್ದಾನೆ. ದುಡ್ಡು ಅವನಿಗೆ ಸಿಕ್ಕಾಗಿದೆ. ಇವಳನ್ನು ಕೊಂದರೆ ಅವನಿಗೆ ಮೂರು ಕಾಸಿನ ಲಾಭ ಇಲ್ಲ. ಆದರೂ ಅವಳ ಗಂಡನಿಗೆ ಮಾತು ಕೊಟ್ಟಿದ್ದೀನಿ, ನಡೆಸಬೇಕು ಅಂತಾನೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತು ಅಂದರೆ ಕಣ್ಣು ತೇವ ಆಗುತ್ತೆ. ಇಲ್ಲಿ ಮಾತಿಗೆ ತಪ್ಪದೇ ಇರೋದು ಹುಲಿ. ಕೊನೆಗೆ ದೊಡ್ಡ ಉಪಕಾರ ಮಾಡೋನ ಹಾಗೆ ನಾಣ್ಯ ಚಿಮ್ಮಿಸ್ತಾನೆ.

ಸಿನಿಮಾದಲ್ಲಿ ಅವಳು ಹೆಡ್ಡೋ ಟೈಲೋ ಹೇಳೋಕೆ ಒಪ್ಪೋದೇ ಇಲ್ಲ. ನೋಡಿದವರೆಲ್ಲ ಅದನ್ನೇ ಮೆಚ್ಚಿಕೊಂಡರು, ಎಂಥ ಗಟ್ಟಿಗಿತ್ತಿ ಅಂತ. ಪುಸ್ತಕದಲ್ಲಿ ಮೊದಲು ಒಲ್ಲೆ ಅಂತಾಳೆ, ಆಮೇಲೆ ಹೆಡ್ ಅಂತಾಳೆ. ಟೈಲ್ ಬಿದ್ದಿರುತ್ತೆ. ನನಗೆ ಪುಸ್ತಕದ ಕಾರ್ಲಾ ಜೀನ್ ಹೆಚ್ಚು ನಿಜ ಅನ್ನಿಸ್ತಾಳೆ. ಸಾಯೋಕೆ ಹೆದರಿ, ಆಟ ಆಡಿ, ಸೋತು, ಅದಾದ ಮೇಲೂ ಅವನಿಗೆ ಹೇಳ್ತಾಳೆ: ತೀರ್ಮಾನ ಮಾಡಿದ್ದು ನೀನು, ಈ ನಾಣ್ಯಕ್ಕೆ ಇದರಲ್ಲಿ ಏನೂ ಪಾತ್ರ ಇಲ್ಲ ಅನ್ನೋ ಅರ್ಥದಲ್ಲಿ. ಸಿನಿಮಾದವಳು ಆಟಕ್ಕೇ ಇಳಿಯದೆ ಈ ಮಾತು ಹೇಳ್ತಾಳೆ, ಇವಳು ಸೋತಾದ ಮೇಲೆ ಹೇಳ್ತಾಳೆ. ಗೆದ್ದಿದ್ದರೆ ನಾಣ್ಯ ಒಳ್ಳೆಯದು, ಸೋತರೆ ಕೆಟ್ಟದ್ದು ಅನ್ನೋ ಲೆಕ್ಕ ಅವಳದ್ದಲ್ಲ. ಶಿಗರ್‌ನ ಉತ್ತರ ಗಮನಿಸಿ. ಇರಬಹುದು ಅನ್ನೋ ಥರ ಒಂದು ಕ್ಷಣ ಒಪ್ಪಿಕೊಂಡು, ತಾನೂ ನಾಣ್ಯದ ಹಾಗೇ ದಾರಿ ಸವೆಸಿ ಇಲ್ಲಿಗೆ ಬಂದವನು ಅಂತ ಉದ್ದಕ್ಕೆ ವ್ಯಾಖ್ಯಾನ ಕೊಡ್ತಾನೆ. ಪುಸ್ತಕದಲ್ಲಿ ಅವನು ಇಷ್ಟು ಉದ್ದ ಮಾತಾಡೋದು ಅಪರೂಪ. ಬಂಕಿನ ಯಜಮಾನನ ಮುಂದೆ ಇದ್ದ ಗತ್ತು ಇಲ್ಲಿಲ್ಲ. ಕೊನೆಗೆ ಅರ್ಥವಾಯ್ತಾ ಅಂತ ಕೇಳ್ತಾನೆ, ಅವಳು ಅರ್ಥವಾಯ್ತು ಅಂತಾಳೆ. ಏನು ಅರ್ಥವಾಯ್ತು? ಅವನ ತತ್ವವೋ, ಇವನ ಹತ್ತಿರ ಮಾತಾಡಿ ಉಪಯೋಗ ಇಲ್ಲ ಅನ್ನೋದೋ? ಮೆಕಾರ್ಥಿ ಬಿಡಿಸಿ ಹೇಳಲ್ಲ. ನನಗಂತೂ ಎರಡನೆಯದೇ ಅನ್ನಿಸುತ್ತೆ.

ಈ ಭಾಗ ಓದುವಾಗ ನನಗೆ ನೆನಪಾದದ್ದು ಯಾವ ರೌಡಿಯೂ ಅಲ್ಲ, ಒಂದು ಮೀಟಿಂಗ್ ರೂಮು. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಜನರನ್ನು ತೆಗೆದಾಗ, ತೆಗೆಯೋ ಪಟ್ಟಿ ಮಾಡಿದವರೇ ಎದುರು ಕೂತು ಇದು ನಮ್ಮ ನಿರ್ಧಾರ ಅಲ್ಲ, ರೇಟಿಂಗ್ ಸಿಸ್ಟಂ ಹಾಗೆ ತೋರಿಸಿತು ಅಂದರು. ಆ ರೇಟಿಂಗ್ ತುಂಬಿದ್ದೂ ಅವರೇ. ಕೊಲೆಗೂ ಲೇಆಫಿಗೂ ಹೋಲಿಕೆ ಇಲ್ಲ, ಅಷ್ಟು ಗೊತ್ತಿದೆ ನನಗೆ. ಆದರೆ ಆ ವಾಕ್ಯದ ರಚನೆ ಅದೇ: ಕರ್ತೃ ಇಲ್ಲ, ಕ್ರಿಯಾಪದ ಮಾತ್ರ ಇದೆ. ನನ್ನ ಪಕ್ಕ ಕೂತಿದ್ದ ಹುಡುಗಿ, ಸರ್, ಹೆಸರು ಬರೆದದ್ದು ಯಾರು ಅಂತ ಒಂದೇ ಒಂದು ಪ್ರಶ್ನೆ ಕೇಳಿದಳು. ಉತ್ತರವಾಗಿ ಹತ್ತು ನಿಮಿಷದ ವಿವರಣೆ ಬಂತು.

ಶಿಗರ್ ವಿಧಿಯಲ್ಲ ಅನ್ನೋದಕ್ಕೆ ಪುಸ್ತಕದಲ್ಲಿ ಇನ್ನೂ ಗಟ್ಟಿ ಸಾಕ್ಷಿ ಇದೆ, ಅದನ್ನು ಸಿನಿಮಾ ಕೈಬಿಟ್ಟಿದೆ. ದುಡ್ಡು ಕೈಗೆ ಬಂದಮೇಲೆ ಶಿಗರ್ ಅದನ್ನು ಇಟ್ಟುಕೊಳ್ಳಲ್ಲ. ಪೆಟ್ಟಿಗೆ ಹಿಡ್ಕೊಂಡು ಅದರ ಯಜಮಾನನ ಆಫೀಸಿಗೇ ಹೋಗಿ ಒಪ್ಪಿಸಿ, ಖರ್ಚಿನ ಬಾಬತ್ತು ತಿಳಿಸಿ, ತಾನೆಂಥ ನಂಬಿಕಸ್ತ ಕೆಲಸಗಾರ ಅಂತ ಪರಿಚಯ ಮಾಡ್ಕೊಳ್ತಾನೆ. ಮುಂದೆಯೂ ವ್ಯವಹಾರ ಇಟ್ಟುಕೊಳ್ಳೋಣ ಅನ್ನೋ ಧಾಟಿ. ಯಮ ಬಂದು ವಿಸಿಟಿಂಗ್ ಕಾರ್ಡ್ ಕೊಡ್ತಾನಾ? ಇವನು ಕಂಟ್ರಾಕ್ಟರ್, ಕ್ಲೈಂಟ್ ಹುಡುಕ್ತಿದ್ದಾನೆ. ನಾಣ್ಯ, ಹಣೆಬರಹ, ಕೊಟ್ಟ ಮಾತು ಎಲ್ಲ ಆ ಧಂದೆಯ ಮೇಲೆ ಹೊದಿಸಿರೋ ಶಾಲು.

ಈ ಧಂದೆ ಮೆಕಾರ್ಥಿ ಗಾಳಿಯಲ್ಲಿ ಕಟ್ಟಿದ್ದೂ ಅಲ್ಲ. ಸ್ಯಾನ್ ಆಂಟೋನಿಯೋದಲ್ಲಿ ಒಬ್ಬ ಫೆಡರಲ್ ಜಡ್ಜನ್ನೇ ಕೊಂದರು ಅನ್ನೋ ಪ್ರಸ್ತಾಪ ಬೆಲ್‌ನ ಮಾತಿನಲ್ಲಿ ಬರುತ್ತೆ. ಅದು ನಿಜವಾಗಿ ನಡೆದದ್ದು. 1979ರ ಮೇ 29ರಂದು ಜಡ್ಜ್ ಜಾನ್ ವುಡ್‌ರನ್ನು ಅವರ ಮನೆ ಎದುರೇ ಗುಂಡಿಟ್ಟು ಕೊಂದರು. ಡ್ರಗ್ಸ್ ಕೇಸಿನ ಸಿಟ್ಟಿಗೆ ದುಡ್ಡು ಕೊಟ್ಟು ಮಾಡಿಸಿದ ಕೊಲೆ. ಶಿಕ್ಷೆಯಾದದ್ದು ಚಾರ್ಲ್ಸ್ ಹ್ಯಾರೆಲ್ಸನ್‌ಗೆ. ಅವನ ಮಗ, ನಟ ವುಡಿ ಹ್ಯಾರೆಲ್ಸನ್, ಇದೇ ಸಿನಿಮಾದಲ್ಲಿ ಕಾರ್ಸನ್ ವೆಲ್ಸ್ ಪಾತ್ರ ಮಾಡಿದ್ದಾನೆ. ಶಿಗರ್‌ನನ್ನು ಹಿಡಿಯೋಕೆ ಬಾಡಿಗೆಗೆ ಬಂದು ಶಿಗರ್ ಕೈಯಲ್ಲೇ ಸಾಯೋ ಪಾತ್ರ. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯ್ತು ಅಂತಿದ್ದೆವು.

ಕಾರ್ಲಾ ಜೀನ್‌ನನ್ನು ಕೊಂದು ಹೊರಟ ಶಿಗರ್‌ಗೆ ಸ್ಟಾಪ್ ಬೋರ್ಡ್ ಲೆಕ್ಕಿಸದೆ ನುಗ್ಗಿದ ಕಾರೊಂದು ಬಂದು ಗುದ್ದುತ್ತೆ. ಕೈ ಮುರಿಯುತ್ತೆ. ದಾರೀಲಿದ್ದ ಹುಡುಗನೊಬ್ಬನಿಗೆ ದುಡ್ಡು ಕೊಟ್ಟು ಅಂಗಿ ತಗೊಂಡು ಜೋಲಿ ಕಟ್ಟಿಕೊಂಡು ಕುಂಟುತ್ತಾ ಹೋಗ್ತಾನೆ. ಹಿಂದೊಮ್ಮೆ ರಕ್ತ ಸುರಿಸಿಕೊಂಡು ಗಡಿ ಸೇತುವೆ ದಾಟುವಾಗ ಮಾಸ್ ಕೂಡ ಹೀಗೇ ಹುಡುಗರಿಗೆ ದುಡ್ಡು ಕೊಟ್ಟು ಕೋಟು ಕೊಂಡಿದ್ದ. ಬೇಟೆಗಾರನಿಗೂ ಬೇಟೆಗೂ ಒಂದೇ ರೇಟು. ಇದು ಪಾಪಕ್ಕೆ ಶಿಕ್ಷೆ ಅಂತ ಓದೋಕೆ ಆಗಲ್ಲ, ಯಾಕಂದ್ರೆ ಅವನು ತಪ್ಪಿಸಿಕೊಳ್ತಾನೆ. ಆದರೆ ಎಲ್ಲ ದಾರಿಯೂ ತನಗೆ ಗೊತ್ತು ಅಂತಿದ್ದವನಿಗೆ ಆ ತಿರುವು ಗೊತ್ತಿರಲಿಲ್ಲ.

ಹಿಂಸೆಯನ್ನು ಮೆಕಾರ್ಥಿ ಬರೆಯೋ ರೀತಿ ಮೊದಲ ಓದಿಗೆ ಕಿರಿಕಿರಿ ಆಗುತ್ತೆ. ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಯಾರ ಮನಸ್ಸಿನಲ್ಲಿ ಏನಿದೆ ಅಂತ ಹೇಳಲ್ಲ. ಕೈ ಏನು ಮಾಡಿತು ಅನ್ನೋದಷ್ಟೇ. ಮಾಸ್ ಷಾಟ್‌ಗನ್ನಿನ ನಳಿಗೆ ಗರಗಸದಿಂದ ಕೊಯ್ಯೋದು, ಮೋಟೆಲಿನ ಗಾಳಿಕೊಳವೆಯೊಳಗೆ ಪೆಟ್ಟಿಗೆ ತಳ್ಳಿ, ಹಿಂದಿನ ರೂಮಿನಿಂದ ಟೆಂಟಿನ ಕೋಲು ಜೋಡಿಸಿ ಎಳ್ಕೊಳ್ಳೋದು, ಇದಕ್ಕೆಲ್ಲ ಪುಟಗಟ್ಟಲೆ. ಒಳ್ಳೆ ರನ್‌ಬುಕ್ ಓದಿದಂತಿರುತ್ತೆ, ಒಂದು ಹೆಜ್ಜೆಯೂ ಬಿಟ್ಟಿರಲ್ಲ. ಸಾವಿಗೆ ಮಾತ್ರ ಒಂದೆರಡು ಸಾಲು. ಅದರಲ್ಲೂ ಮಾಸ್ ಸಾವನ್ನು ತೋರಿಸೋದೇ ಇಲ್ಲ. ಇನ್ನೂರು ಚಿಲ್ಲರೆ ಪುಟ ಅವನ ಜೊತೆ ಓಡಿದ ನಮಗೆ, ಬೆಲ್ ಒಂದು ಮೋಟೆಲಿಗೆ ಬಂದಾಗ ಎಲ್ಲಾ ಮುಗಿದಿರುತ್ತೆ. ಕೊಂದದ್ದು ಶಿಗರ್ ಕೂಡ ಅಲ್ಲ, ಹೆಸರಿಲ್ಲದ ಮೆಕ್ಸಿಕನ್ನರು. ದಾರಿಯಲ್ಲಿ ಲಿಫ್ಟ್ ಕೊಟ್ಟಿದ್ದ ಹುಡುಗಿಯ ತಲೆಗೆ ಅವರಲ್ಲೊಬ್ಬ ಬಂದೂಕಿಟ್ಟಾಗ ಮಾಸ್ ತನ್ನ ಬಂದೂಕು ಕೆಳಗಿಟ್ಟನಂತೆ. ಅವಳನ್ನೂ ಕೊಂದು ಇವನನ್ನೂ ಕೊಂದರಂತೆ. ಈ ‘ಅಂತೆ’ ನನ್ನದಲ್ಲ, ಪುಸ್ತಕದಲ್ಲೂ ಅದು ನೋಡಿದವರು ಹೇಳಿದ ಸುದ್ದಿಯಾಗಿಯೇ ಬರುತ್ತೆ. ಥ್ರಿಲ್ಲರ್ ಅಂತ ಕೈಗೆತ್ತಿಕೊಂಡವರು ಇಲ್ಲಿ ಪುಸ್ತಕ ಎಸೀತಾರೆ. ಹೀರೋಗೆ ಒಂದು ಕ್ಲೈಮ್ಯಾಕ್ಸ್ ಕೂಡ ಕೊಡಲಿಲ್ಲ ಅನ್ನೋ ಸಿಟ್ಟು. ಆದರೆ ಊರಿನಿಂದ ಫೋನ್ ಬಂದು ಇಂಥವರು ಹೋಗಿಬಿಟ್ಟರು ಅಂದಾಗ ನಮಗೆ ಸಿಗೋದೂ ಇಷ್ಟೇ ಅಲ್ವಾ, ಅರ್ಧಂಬರ್ಧ ವಿವರ, ಅದೂ ಬೇರೆಯವರ ಬಾಯಿಂದ.

ಇನ್ನು ಬೆಲ್. ಪ್ರತಿ ಅಧ್ಯಾಯದ ಮೊದಲಿಗೆ ಅವನ ಸ್ವಗತ ಬರುತ್ತೆ. ಒಳ್ಳೆಯವನು, ಹೆಂಡತಿ ಲೊರೆಟಾ ಅಂದರೆ ಪ್ರಾಣ, ಆದರೆ ಕಾಲ ಕೆಟ್ಟೋಯ್ತು ಅನ್ನೋ ರಾಗ ಶುರು ಮಾಡಿದರೆ ನಿಲ್ಲಿಸಲ್ಲ. ಹುಡುಗರು ಕೂದಲಿಗೆ ಹಸಿರು ಬಣ್ಣ ಹಾಕ್ತಾರೆ, ಮಾತಿಗೆ ಸರ್ ಮೇಡಂ ಸೇರಿಸೋದು ಬಿಟ್ಟಾಗಲೇ ಎಲ್ಲ ಹಾಳಾಯ್ತು, ಇಂಥವೇ. ಒಂದು ಕಡೆ ಶಾಲೆಗಳ ಸರ್ವೆ ಒಂದನ್ನು ಹೇಳ್ತಾನೆ. ಹಿಂದಿನ ಕಾಲದ ಮೇಷ್ಟ್ರುಗಳಿಗೆ ಮಕ್ಕಳ ದೊಡ್ಡ ಸಮಸ್ಯೆ ಅಂದರೆ ಚ್ಯೂಯಿಂಗ್ ಗಮ್, ಗಲಾಟೆ. ನಲವತ್ತು ವರ್ಷ ಆದಮೇಲೆ ಅದೇ ಪ್ರಶ್ನೆಗೆ ಅತ್ಯಾಚಾರ, ಕೊಲೆ, ಡ್ರಗ್ಸ್ ಅಂತ. ಈ ಪಟ್ಟಿ ಅಮೆರಿಕದಲ್ಲಿ ನಿಜಕ್ಕೂ ಓಡಾಡಿತ್ತು, ಭಾಷಣಕಾರರು ಮಂತ್ರಿಗಳು ಎಲ್ಲ ಹೇಳ್ಕೊಂಡು ತಿರುಗಿದರು. ಬ್ಯಾರಿ ಓನೀಲ್ ಅನ್ನೋ ವಿದ್ವಾಂಸ 1994ರಲ್ಲಿ ಮೂಲ ಹುಡುಕಿಕೊಂಡು ಹೋದರೆ ಸರ್ವೆಯೇ ಇರಲಿಲ್ಲ! ಟೆಕ್ಸಾಸಿನವನೇ ಒಬ್ಬ ತನ್ನ ಮನಸ್ಸಿಗೆ ಬಂದಂತೆ ಬರೆದಿಟ್ಟ ಪಟ್ಟಿ ಅದು. ಈಗಿನ ಫ್ಯಾಮಿಲಿ ಗ್ರೂಪ್ ಫಾರ್ವರ್ಡ್‌ಗಳ ಅಣ್ಣ ಅನ್ನಿ. ಮೆಕಾರ್ಥಿ ಗೊತ್ತಿದ್ದೇ ಇದನ್ನು ಬೆಲ್ ಬಾಯಲ್ಲಿ ಇಟ್ಟನಾ ಅನ್ನೋದು ಬೇರೆ ಮಾತು. ಪುಸ್ತಕ ಮಾತ್ರ ಬೆಲ್ ಹೇಳಿದ್ದನ್ನೆಲ್ಲ ಒಪ್ಪಲ್ಲ. ವ್ಹೀಲ್‌ಚೇರಿನಲ್ಲಿರೋ ಚಿಕ್ಕಪ್ಪ ಎಲ್ಲಿಸ್, ಹಿಂದಿನ ತಲೆಮಾರಿನ ಮನೆತನದವನೊಬ್ಬನನ್ನು ಅವನದೇ ಜಗುಲಿಯ ಮೇಲೆ ಗುಂಡಿಟ್ಟು ಕೊಂದ ಕಥೆ ಹೇಳ್ತಾನೆ. ಒಳ್ಳೆ ಕಾಲ ಅಂತ ಒಂದು ಎಲ್ಲಿತ್ತು ಅನ್ನೋದು ಅದರ ಇಂಗಿತ.

ಅದೇ ಎಲ್ಲಿಸ್ ಮುಂದೆ ಬೆಲ್ ತನ್ನ ಗುಟ್ಟು ಬಿಚ್ಚಿಡ್ತಾನೆ. ಎರಡನೇ ಮಹಾಯುದ್ಧದಲ್ಲಿ ಅವನಿದ್ದ ತೋಟದ ಮನೆಯ ಮೇಲೆ ಗುಂಡು ಬಿದ್ದು ಸಂಗಾತಿಗಳೆಲ್ಲ ಅವಶೇಷದಡಿ ಸಿಕ್ಕಿಕೊಂಡರು. ಕತ್ತಲಾಗುವವರೆಗೆ ಒಬ್ಬನೇ ಮಷಿನ್‌ಗನ್ ಹಿಡಿದು ಕಾದ, ಆಮೇಲೆ ಅವರನ್ನು ಅಲ್ಲೇ ಬಿಟ್ಟು ಓಡಿದ. ಅದಕ್ಕೆ ಬ್ರಾಂಜ್ ಸ್ಟಾರ್ ಪದಕ ಬಂತು. ಬೇಡ ಅಂದರೂ ಕೊಟ್ಟರು. ಮೂವತ್ತಾರು ವರ್ಷ ಅದನ್ನು ಹೊತ್ತುಕೊಂಡು ಶೆರಿಫ್ ಕೆಲಸ ಮಾಡಿದ್ದಾನೆ. ಉಳಿದಿದ್ದರೂ ಸಾಯ್ತಿದ್ದ, ಸಂಗಾತಿಗಳೂ ಬದುಕ್ತಿರಲಿಲ್ಲ. ಲೆಕ್ಕ ಅವನ ಪರವಾಗಿಯೇ ಇದೆ. ಶಿಗರ್ ಆಗಿದ್ದರೆ ಅದೇ ದಾರಿ ಇತ್ತು, ಬೇರೆ ಇರಲಿಲ್ಲ ಅಂತ ಮುಗಿಸ್ತಿದ್ದ. ಬೆಲ್‌ಗೆ ಯುದ್ಧ, ಕತ್ತಲು, ಮೇಲಧಿಕಾರಿಯ ಆದೇಶ, ಬೇಕಾದಷ್ಟು ನೆವ ಇದ್ದವು. ಒಂದನ್ನೂ ಮುಂದೆ ಮಾಡಲ್ಲ, ನಾನು ಓಡಿದೆ ಅಂತಾನೆ.

ಮಾಸ್ ಸತ್ತ ಮೋಟೆಲಿಗೆ ರಾತ್ರಿ ಮತ್ತೆ ಹೋದಾಗಲೂ ಬೆಲ್ ಹೆಚ್ಚುಕಡಿಮೆ ಇದನ್ನೇ ಮಾಡ್ತಾನೆ. ಶಿಗರ್ ಅಲ್ಲೇ ಎಲ್ಲೋ ಇದ್ದಾನೆ ಅಂತ ವಾಸನೆ ಹತ್ತುತ್ತೆ. ಒಬ್ಬನೇ ಹುಡುಕಲ್ಲ, ದೂರ ಹೋಗಿ ಬೇರೆ ಪೊಲೀಸರನ್ನು ಕರೀತಾನೆ. ಅವರು ಬರೋ ಹೊತ್ತಿಗೆ ಹಕ್ಕಿ ಹಾರಿದೆ. ಅದಾದ ಮೇಲೆ ಹೆಚ್ಚು ದಿನ ಕೆಲಸದಲ್ಲಿರಲ್ಲ, ರಾಜೀನಾಮೆ ಕೊಡ್ತಾನೆ. ಹೇಡಿತನವೋ ವಿವೇಕವೋ ಅಂತ ಓದಿದವರು ಜಗಳ ಆಡಬಹುದು. ನಾನಿನ್ನೂ ಆಡ್ತಾನೇ ಇದ್ದೀನಿ.

ಪುಸ್ತಕದಲ್ಲಿ ತಕರಾರೇ ಇಲ್ಲ ಅಂತಲ್ಲ. ಮಾಸ್ ಆ ಲಿಫ್ಟ್ ಹುಡುಗಿ ಜೊತೆ ನಡೆಸೋ ಸಂಭಾಷಣೆ ಎಳೆದು ಎಳೆದು ಸಾಕಾಗುತ್ತೆ. ಹೆಂಗಸರಿಗೆ ಗಂಡಸರ ಬಗ್ಗೆ ಚಿಂತೆ ಮಾಡೋದು ಬಿಟ್ಟರೆ ಬೇರೆ ಕೆಲಸ ಕಡಿಮೆ. ಗಡಿಯಾಚೆಯ ಮೆಕ್ಸಿಕನ್ನರಲ್ಲಿ ಬಹುಪಾಲು ಜನ ಬಂದೂಕು ಹಿಡಿದ ನೆರಳುಗಳು. ನಮಗೆ ಗಟ್ಟಿಯಾಗಿ ನೆನಪುಳಿಯೋ ಮೆಕ್ಸಿಕನ್ ಅಂದರೆ ನೀರು ಕೇಳಿ ಸಿಗದೇ ಸತ್ತವನೊಬ್ಬನೇ, ಅವನಿಗೂ ಹೆಸರಿಲ್ಲ.

ಸಿನಿಮಾ ಬೆಲ್‌ನ ಕನಸಿನ ಜೊತೆ ಮುಗಿಯುತ್ತೆ, ಪುಸ್ತಕದ ಕೊನೆಯಲ್ಲೂ ಆ ಕನಸಿದೆ. ಆದರೆ ಕನಸಿಗೆ ಸ್ವಲ್ಪ ಮುಂಚೆ ಪುಸ್ತಕದಲ್ಲಿ ಇನ್ನೊಂದು ನೆನಪಿದೆ, ಸಿನಿಮಾದಲ್ಲಿ ಇಲ್ಲ. ಯುದ್ಧದ ಕಾಲದ ಆ ತೋಟದ ಮನೆಯ ಪಕ್ಕ, ಕಳೆ ಬೆಳೆದ ಜಾಗದಲ್ಲಿ, ಒಂದೇ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ. ನಮ್ಮ ಹಟ್ಟಿಗಳಲ್ಲಿ ದನಕ್ಕೆ ನೀರಿಡೋ ಕಲ್ಲುಬಾನಿ ನೋಡಿದವರಿಗೆ ಅದು ತಕ್ಷಣ ಕಣ್ಣಿಗೆ ಕಟ್ಟುತ್ತೆ. ಯಾವ ತಲೆಮಾರಿಗೂ ನೆಮ್ಮದಿ ಕೊಡದ ದೇಶದಲ್ಲಿ ಯಾವನೋ ಒಬ್ಬ ಸುತ್ತಿಗೆ, ಉಳಿ ಹಿಡ್ಕೊಂಡು ಕೂತು, ಸಾವಿರಾರು ವರ್ಷ ಬಾಳೋ ಹಾಗೆ ಅದನ್ನು ಕೊರೆದನಲ್ಲ, ಏನು ನಂಬಿಕೊಂಡು ಕೊರೆದ ಅಂತ ಬೆಲ್ ಯೋಚಿಸ್ತಾನೆ. ಮನೆ ಗುಂಡಿಗೆ ಚೂರುಚೂರಾಗಿತ್ತು. ಅವನ ನೆನಪಿನಲ್ಲಿ ತೊಟ್ಟಿ ಇನ್ನೂ ಹಾಗೇ ಇದೆ.